ನಿತ್ಯಾಧಾರ ಮಾತೆಯ ಐಕಾನ್

ನಿತ್ಯಾಧಾರ ಮಾತೆಯ ಐಕಾನ್ ಎಂಬುದು ಬಾಲಯೇಸುವನ್ನು ತೋಳಿನಲ್ಲಿ ಹಿಡಿದಿರುವ ಮರಿಯಮ್ಮನವರ ಬೈಜಾಂಟೈನ್ ಶೈಲಿಯ ಪವಿತ್ರ ಚಿತ್ರ. ಇದನ್ನು ನಿತ್ಯಸಹಾಯ ಮಾತೆಯ ಚಿತ್ರವೆಂದೂ ಕರೆಯುತ್ತಾರೆ. ಮರದ ಹಲಗೆಯ ಮೇಲೆ ರಚಿತವಾದ ಮೂಲಚಿತ್ರವು ರೋಮ್ ನಗರದ ವಿಯಾ ಮೆರುಲಾನಾ ಬೀದಿಯಲ್ಲಿರುವ ಸಂತ ಅಲ್ಫೋನ್ಸರ ದೇವಾಲಯದಲ್ಲಿದೆ. ಅದರ ಎತ್ತರ ಸುಮಾರು 54 ಸೆಂ.ಮೀ., ಅಗಲ ಸುಮಾರು 41 ಸೆಂ.ಮೀ. ಇದು 15ನೇ ಶತಮಾನದ ಸುಮಾರಿಗೆ ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದ ಚಿತ್ರಕಾರರ ಪರಂಪರೆಯಲ್ಲಿ ರೂಪುಗೊಂಡಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಐಕಾನ್ ಕಲೆ ಮುಖ್ಯವಾಗಿ ಪೂರ್ವದೇಶಗಳ ಆರ್ಥೊಡಾಕ್ಸ್ ಕ್ರೈಸ್ತರದು. ಆ ಕಲೆಗೆ ಸೇರಿದ ಚಿತ್ರಗಳಲ್ಲಿ ಕರ್ನಾಟಕದ ಕಥೋಲಿಕ ದೇವಾಲಯಗಳಿಗೂ ಮನೆಗಳಿಗೂ ಬಹುಮಟ್ಟಿಗೆ ಪರಿಚಿತವಾದುದು ಈ ಚಿತ್ರ. ಮೊದಲ ನೋಟಕ್ಕೆ ತಾಯಿ ಮಗುವಿನ ಚಿತ್ರದಂತೆ ಕಂಡರೂ ಇದರ ನಿಜವಾದ ವಸ್ತು ಕ್ರಿಸ್ತನ ಯಾತನೆ ಮತ್ತು ಮರಣ. ಚಿತ್ರದ ಬಣ್ಣ, ಅಕ್ಷರ, ನೋಟ, ಕೈಗಳ ಭಂಗಿ, ಕಳಚಿದ ಪಾದರಕ್ಷೆ ಇವೆಲ್ಲವೂ ಆ ಅರ್ಥವನ್ನು ಸೂಚಿಸುವ ಸಂಕೇತಗಳಾಗಿವೆ.

ಹೆಸರು ಮತ್ತು ಪರಿಭಾಷೆ

'ಐಕಾನ್' ಎಂಬುದು ಪ್ರತಿರೂಪ, ಬಿಂಬ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಗ್ರೀಕ್ ಭಾಷೆಯಲ್ಲಿ ಅಕ್ಷರ ಬರೆಯುವುದಕ್ಕೂ ಚಿತ್ರ ಬಿಡಿಸುವುದಕ್ಕೂ ಒಂದೇ ಕ್ರಿಯಾಪದ ಬಳಕೆಯಲ್ಲಿದೆ. ಕನ್ನಡದಲ್ಲಿಯೂ 'ಕಾಗದ ಬರೆ', 'ಚಿತ್ರ ಬರೆ' ಎಂದು ಎರಡಕ್ಕೂ ಒಂದೇ ಮಾತು ಸಲ್ಲುತ್ತದೆ. ಐಕಾನನ್ನು 'ಬರೆಯಲಾಗುತ್ತದೆ', ಆದ್ದರಿಂದ ಅದನ್ನು 'ಓದಬೇಕು' ಎಂಬ ಪ್ರಸಿದ್ಧ ಹೇಳಿಕೆ ಕನ್ನಡಿಗರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

ಈ ಚಿತ್ರವು 'ಯಾತನೆಯ ಕನ್ಯಾಮಾತೆ' ಎಂಬ ವರ್ಗಕ್ಕೆ ಸೇರುತ್ತದೆ. ಇದು 'ಹೊದೆಗೆತ್ರಿಯಾ', ಅಂದರೆ 'ದಾರಿ ತೋರುವವಳು' ಎಂಬ ಇನ್ನೂ ಹಳೆಯ ವರ್ಗದಿಂದ ಬೆಳೆದುಬಂದ ರೂಪ. ಹೊದೆಗೆತ್ರಿಯಾ ಚಿತ್ರಗಳಲ್ಲಿ ಮರಿಯಮ್ಮ ಒಂದು ಕೈಯಿಂದ ಮಗುವನ್ನು ಹಿಡಿದು, ಇನ್ನೊಂದು ಕೈಯಿಂದ ಅದನ್ನೇ ತೋರಿಸುತ್ತಾಳೆ. ಯಾತನೆಯ ಕನ್ಯಾಮಾತೆಯ ಚಿತ್ರಗಳಲ್ಲಿ ಇದರ ಜೊತೆಗೆ ಶಿಲುಬೆ, ಈಟಿ ಮೊದಲಾದವನ್ನು ಹಿಡಿದ ದೇವದೂತರು ಕಾಣಿಸಿಕೊಳ್ಳುತ್ತಾರೆ. ಇಂಥ ದೇವದೂತರಿರುವ ಹಳೆಯ ಉದಾಹರಣೆಯೊಂದು ಸೈಪ್ರಸ್ ದ್ವೀಪದ ಲಗುದೆರಾ ಗ್ರಾಮದ ದೇವಾಲಯದಲ್ಲಿ, 1192ರ ಭಿತ್ತಿಚಿತ್ರದಲ್ಲಿ ಉಳಿದಿದೆ. 15ನೇ ಶತಮಾನದಲ್ಲಿ ಕ್ರೀಟ್‌ನ ಆಂಡ್ರಿಯಾಸ್ ರಿಟ್ಸೋಸ್ ಎಂಬ ಚಿತ್ರಕಾರನ ಮೂಲಕ ಈ ರೂಪ ಹೆಚ್ಚು ಪ್ರಚಾರಕ್ಕೆ ಬಂದಿತು.

ಇತಿಹಾಸ

ಚಿತ್ರವು ಕ್ರೀಟ್‌ನಿಂದ ರೋಮ್‌ಗೆ ಬಂದ ಬಗ್ಗೆ ಒಂದು ಐತಿಹ್ಯವಿದೆ. ವರ್ತಕನೊಬ್ಬನು ಕ್ರೀಟ್‌ನ ದೇವಾಲಯದಿಂದ ಇದನ್ನು ಕದ್ದು ಹಡಗಿನಲ್ಲಿ ಸಾಗಿಸಿದನು. ರೋಮ್ ತಲುಪಿದ ಮೇಲೆ ಕಾಯಿಲೆಬಿದ್ದು, ಚಿತ್ರವನ್ನು ಯಾವುದಾದರೂ ದೇವಾಲಯಕ್ಕೆ ಒಪ್ಪಿಸುವಂತೆ ಗೆಳೆಯನನ್ನು ಬೇಡಿಕೊಂಡು ಸತ್ತನು. ಗೆಳೆಯನ ಹೆಂಡತಿ ಅದನ್ನು ಮನೆಯಲ್ಲಿಯೇ ಇರಿಸಿಕೊಂಡಳು. ಕೊನೆಗೆ ಆ ಮನೆಯ ಎಳೆಯ ಮಗಳಿಗೆ ಮರಿಯಮ್ಮನವರ ದರ್ಶನವಾಗಿ, ಚಿತ್ರವು ದೇವಾಲಯ ಸೇರಿತು ಎಂಬುದು ಕಥೆ. ಈ ಸಂಪ್ರದಾಯದ ಪ್ರಕಾರ 1499ರ ಮಾರ್ಚ್ 27ರಂದು ಚಿತ್ರವನ್ನು ವಿಯಾ ಮೆರುಲಾನಾದ ಸಂತ ಮತ್ತಾಯರ ದೇವಾಲಯದಲ್ಲಿ ಇರಿಸಲಾಯಿತು.

ಮುಂದಿನ ಸುಮಾರು ಮುನ್ನೂರು ವರ್ಷ ಚಿತ್ರ ಅಲ್ಲಿಯೇ ಇತ್ತು. 1798ರಲ್ಲಿ ರೋಮ್ ಫ್ರೆಂಚ್ ಸೈನ್ಯದ ವಶವಾದಾಗ ಆ ದೇವಾಲಯವನ್ನು ಕೆಡವಲಾಯಿತು. ಅದರ ಉಸ್ತುವಾರಿ ಹೊತ್ತಿದ್ದ ಅಗಸ್ಟೀನಿಯನ್ ಸಂನ್ಯಾಸಿಗಳು ಚಿತ್ರವನ್ನು ಬೇರೆಡೆಗೆ ಒಯ್ದರು. ಅದು ಸಾರ್ವಜನಿಕರ ಕಣ್ಣಿನಿಂದ ಮರೆಯಾಗಿ ಒಂದು ಖಾಸಗಿ ಪ್ರಾರ್ಥನಾಮಂದಿರದಲ್ಲಿ ಹಲವು ದಶಕ ಉಳಿಯಿತು. ಹಳೆಯ ದೇವಾಲಯವಿದ್ದ ಸ್ಥಳವನ್ನು 1855ರಲ್ಲಿ ರಿಡೆಂಪ್ಟರಿಸ್ಟ್ ಸಭೆಯ ಗುರುಗಳು ಕೊಂಡರು. ಅವರ ಪೈಕಿ ಬಾಲ್ಯದಲ್ಲಿ ಚಿತ್ರವನ್ನು ಕಂಡಿದ್ದ ಮೈಕೆಲ್ ಮಾರ್ಕಿ ಎಂಬ ಗುರುಗಳ ನೆನಪಿನಿಂದ ಅದರ ಇರವು ಮತ್ತೆ ತಿಳಿಯಿತು. ವಿಶ್ವಗುರು 9ನೇ ಪಿಯುಸ್ ಅವರ ಅಪ್ಪಣೆಯಂತೆ 1866ರ ಏಪ್ರಿಲ್‌ನಲ್ಲಿ ಮೆರವಣಿಗೆಯೊಡನೆ ಅದನ್ನು ಸಂತ ಅಲ್ಫೋನ್ಸರ ದೇವಾಲಯಕ್ಕೆ ತರಲಾಯಿತು. 1867ರಲ್ಲಿ ಚಿತ್ರಕ್ಕೆ ಕಿರೀಟಧಾರಣೆ ನಡೆಯಿತು. ಈ ಮಾತೆಯ ಹಬ್ಬ ಜೂನ್ 27.

ಅಂದಿನಿಂದ ರಿಡೆಂಪ್ಟರಿಸ್ಟ್ ಗುರುಗಳು ಹೋದಲ್ಲೆಲ್ಲ ಚಿತ್ರದ ಪ್ರತಿಗಳೂ ಹೋದವು. ಕ್ರೀಟ್‌ನ ಒಂದು ಹಲಗೆಯ ಚಿತ್ರ ಕರ್ನಾಟಕದ ಮನೆಗೋಡೆಗಳವರೆಗೆ ತಲುಪಿದುದು ಮುಖ್ಯವಾಗಿ ಈ ಪ್ರತಿಗಳಿಂದ.

ರಚನಾಕ್ರಮ

ಸಾಂಪ್ರದಾಯಿಕ ಐಕಾನ್ ರಚನೆಯಲ್ಲಿ ಮರದ ಹಲಗೆಯ ಮೇಲೆ ಬಟ್ಟೆ ಅಂಟಿಸಿ, ಸುಣ್ಣಕಲ್ಲಿನ ಅಥವಾ ಜಿಪ್ಸಮ್‌ನ ಪುಡಿಯನ್ನು ಅಂಟಿನೊಡನೆ ಕಲಸಿ ಪದರ ಪದರವಾಗಿ ಬಳಿಯುತ್ತಾರೆ. ಅದನ್ನು ಉಜ್ಜಿ ನುಣುಪುಗೊಳಿಸಿದ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುವ 'ಟೆಂಪೆರಾ' ಕ್ರಮದಲ್ಲಿ ಬಣ್ಣ ತುಂಬುತ್ತಾರೆ. ಮುಖದ ಮೇಲೆ ಮೊದಲು ಗಾಢವರ್ಣ, ಅದರ ಮೇಲೆ ಕ್ರಮೇಣ ತಿಳಿವರ್ಣ ಬರುವುದರಿಂದ ಬೆಳಕು ಮುಖದ ಒಳಗಿನಿಂದಲೇ ಮೂಡಿದಂತೆ ತೋರುತ್ತದೆ. ಐಕಾನ್‌ಗಳಲ್ಲಿ ನೆಲದ ಮೇಲೆ ಬೀಳುವ ನೆರಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ದೂರದ ವಸ್ತು ಚಿಕ್ಕದಾಗಿ ಕಾಣುವ ದೃಷ್ಟಿಕ್ರಮವನ್ನೂ ಇಲ್ಲಿ ಪಾಲಿಸುವುದಿಲ್ಲ. ಮುಖ್ಯರಾದವರನ್ನು ದೊಡ್ಡದಾಗಿ, ಉಳಿದವರನ್ನು ಚಿಕ್ಕದಾಗಿ ಬರೆಯುತ್ತಾರೆ. ನಿತ್ಯಾಧಾರ ಮಾತೆಯ ಚಿತ್ರದಲ್ಲಿ ದೇವದೂತರು ಬಾಲಯೇಸುವಿಗಿಂತಲೂ ಚಿಕ್ಕವರಾಗಿರುವುದಕ್ಕೆ ಇದು ಕಾರಣ.

ಸಂಕೇತಗಳು ಮತ್ತು ಅರ್ಥ

ಚಿನ್ನದ ಹಿನ್ನೆಲೆ

ಚಿತ್ರದ ಹಿಂದೆ ಮನೆ, ಮರ, ಆಕಾಶ ಯಾವುದೂ ಇಲ್ಲ. ಇಡೀ ಹಿನ್ನೆಲೆ ಚಿನ್ನದ ಬಣ್ಣದ್ದು. ಐಕಾನ್ ಪರಂಪರೆಯಲ್ಲಿ ಚಿನ್ನವು ಸೂರ್ಯನ ಬೆಳಕಲ್ಲ, ದೇವರ ಬೆಳಕು. ಘಟನೆ ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ ನಡೆಯಿತು ಎಂಬುದನ್ನು ಅಳಿಸಿ, ಅದನ್ನು ಕಾಲಾತೀತವಾಗಿಸುವುದು ಇದರ ಉದ್ದೇಶ. ಬೆತ್ಲೆಹೇಮಿನ ಮಗುವೂ ಗೊಲ್ಗೊಥಾದ ಶಿಲುಬೆಯೂ ಒಂದೇ ಚೌಕಟ್ಟಿನಲ್ಲಿ ಬರಲು ಇದರಿಂದ ಸಾಧ್ಯವಾಗಿದೆ.

ಗ್ರೀಕ್ ಅಕ್ಷರಗಳು

ಮರಿಯಮ್ಮನವರ ತಲೆಯ ಎರಡು ಬದಿಗಳಲ್ಲಿ ಎರಡೆರಡು ಗ್ರೀಕ್ ಅಕ್ಷರಗಳಿವೆ. ಅವು 'ದೇವರ ತಾಯಿ' ಎಂಬ ಅರ್ಥದ 'ಮೀತೆರ್ ಥೆಊ' ಎಂಬ ಮಾತಿನ ಸಂಕ್ಷೇಪ. ಮಗುವಿನ ಬಳಿ ಇರುವ ಅಕ್ಷರಗಳು 'ಯೇಸು ಕ್ರಿಸ್ತ' ಎಂಬ ಹೆಸರಿನ ಸಂಕ್ಷೇಪ. ದೇವದೂತರ ಮೇಲಿನ ಅಕ್ಷರಗಳು ಮಹಾದೂತ ಮಿಕಾಯೇಲ, ಮಹಾದೂತ ಗಬ್ರಿಯೇಲ ಎಂಬ ಹೆಸರುಗಳನ್ನು ಸೂಚಿಸುತ್ತವೆ. ಪೂರ್ವ ಸಂಪ್ರದಾಯದಲ್ಲಿ ಹೆಸರು ಬರೆಯದ ಐಕಾನ್ ಅಪೂರ್ಣ. ಯಾರ ಬಿಂಬವಿದು ಎಂಬುದು ಹೆಸರಿನಿಂದ ಖಚಿತವಾಗುತ್ತದೆ. ಗೌರವ ಸಲ್ಲುವುದು ಹಲಗೆಗಲ್ಲ, ಹೆಸರಿನ ಒಡೆಯರಿಗೆ ಎಂಬ ತತ್ತ್ವಕ್ಕೂ ಇದು ಆಧಾರ. ಮರಿಯಮ್ಮನವರನ್ನು 'ದೇವಮಾತೆ' ಎಂದು ಕರೆಯುವುದನ್ನು 431ರ ಎಫೆಸದ ಮಹಾಸಭೆ ಎತ್ತಿಹಿಡಿಯಿತು.

ತಾಯಿಯ ನೋಟ

ಮರಿಯಮ್ಮ ಮಗುವನ್ನು ನೋಡುತ್ತಿಲ್ಲ, ದೇವದೂತರನ್ನೂ ನೋಡುತ್ತಿಲ್ಲ. ತಲೆಯನ್ನು ಮಗುವಿನತ್ತ ತುಸು ಬಾಗಿಸಿ, ಚಿತ್ರದ ಮುಂದೆ ನಿಂತವರನ್ನೇ ನೋಡುತ್ತಿದ್ದಾಳೆ. ಕಣ್ಣುಗಳು ಸಹಜಕ್ಕಿಂತ ದೊಡ್ಡವು, ಬಾಯಿ ಚಿಕ್ಕದು, ಮೂಗು ಉದ್ದ. ಐಕಾನ್ ರಚನೆಯಲ್ಲಿ ದೊಡ್ಡ ಕಣ್ಣು ಧ್ಯಾನವನ್ನೂ ಚಿಕ್ಕ ಬಾಯಿ ಮೌನವನ್ನೂ ಸೂಚಿಸುತ್ತವೆ ಎಂದು ವಿವರಿಸಲಾಗುತ್ತದೆ. ಮುಖದಲ್ಲಿ ನಗುವಿಲ್ಲ, ಅಳುವೂ ಇಲ್ಲ. ಮಗನಿಗೆ ಬರಲಿರುವ ಮರಣವನ್ನು ಬಲ್ಲ ತಾಯಿಯ ಸಮಾಧಾನವುಳ್ಳ ದುಃಖ ಇದೆಂದು ಭಕ್ತರು ಅರ್ಥೈಸುತ್ತಾರೆ.

ಮಗುವಿನ ಭಂಗಿ

ಬಾಲಯೇಸು ತಾಯಿಯ ಎಡತೋಳಿನಲ್ಲಿದ್ದಾನೆ. ಅವನ ಮುಖ ಹಿಂದಕ್ಕೆ ಹೊರಳಿ, ಶಿಲುಬೆ ಹಿಡಿದ ದೇವದೂತನ ಕಡೆಗೆ ತಿರುಗಿದೆ. ಮೈ ಮಗುವಿನದಾದರೂ ಮುಖದಲ್ಲಿ ದೊಡ್ಡವರ ಗಾಂಭೀರ್ಯವಿದೆ. ಎಳೆಯ ದೇಹ ಮನುಷ್ಯತ್ವವನ್ನೂ ಪ್ರೌಢ ಮುಖ ದೈವಿಕ ಜ್ಞಾನವನ್ನೂ ಸೂಚಿಸುತ್ತವೆ. ಅವನ ಪ್ರಭಾವಳಿಯೊಳಗೆ ಶಿಲುಬೆಯ ಗುರುತಿದೆ. ಐಕಾನ್‌ಗಳಲ್ಲಿ ಈ ಬಗೆಯ ಪ್ರಭಾವಳಿ ಸಂತರಿಗೂ ದೇವದೂತರಿಗೂ ಇರುವುದಿಲ್ಲ. ಕ್ರಿಸ್ತನನ್ನು ಗುರುತಿಸಲು ಇದೇ ಮುಖ್ಯ ಲಕ್ಷಣ.

ಹಿಡಿದ ಕೈಗಳು

ಮಗುವಿನ ಎರಡೂ ಕೈಗಳು ತಾಯಿಯ ಬಲಗೈಯನ್ನು ಹಿಡಿದಿವೆ. ಆ ಕೈ ಚಿತ್ರದ ನಡುಭಾಗದಲ್ಲಿದೆ. ತಾಯಿ ಮಗುವಿನ ಕೈಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದಿಲ್ಲ. ಅವಳ ನೀಳ ಬೆರಳುಗಳು ಬಿಡುವಾಗಿದ್ದು ಮಗನತ್ತ ತೋರುತ್ತಿವೆ. ಹೀಗೆ ಒಂದೇ ಕೈ ಎರಡು ಕೆಲಸ ಮಾಡುತ್ತದೆ: ಮಗುವಿಗೆ ಆಸರೆ ಕೊಡುತ್ತದೆ, ನೋಡುವವರಿಗೆ ಮಗನನ್ನು ತೋರಿಸುತ್ತದೆ. 'ನಿತ್ಯಾಧಾರ' ಎಂಬ ಹೆಸರಿನ ಭಾವವೆಲ್ಲ ಈ ಕೈಯಲ್ಲಿದೆ ಎನ್ನಬಹುದು. ಮಗುವನ್ನು ಯಾತನೆಯಿಂದ ತಪ್ಪಿಸುವ ಶಕ್ತಿ ತಾಯಿಗಿಲ್ಲ. ಆದರೆ ಭಯದ ಹೊತ್ತಿನಲ್ಲಿ ಹಿಡಿಯಲು ಅವಳ ಕೈ ಇದೆ.

ಕಳಚಿದ ಪಾದರಕ್ಷೆ

ಮಗುವಿನ ಒಂದು ಪಾದರಕ್ಷೆ ಕಳಚಿ, ಬಾರಿನಲ್ಲಿ ನೇತಾಡುತ್ತಿದೆ. ಈ ಚಿತ್ರದ ಬಹು ಚರ್ಚಿತ ವಿವರ ಇದು. ಜನಪ್ರಿಯ ವಿವರಣೆಯಂತೆ, ತನ್ನ ಯಾತನೆಯ ಆಯುಧಗಳನ್ನು ಕಂಡು ಬೆದರಿದ ಮಗು ತಾಯಿಯ ಬಳಿಗೆ ಓಡಿಬಂದಿದೆ. ಓಟದ ರಭಸಕ್ಕೆ ಪಾದರಕ್ಷೆ ಕಳಚಿದೆ. ಇನ್ನೊಂದು ವಿವರಣೆ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಆಧರಿಸಿದೆ. ರೂತಳ ಗ್ರಂಥದ 4ನೇ ಅಧ್ಯಾಯದ ಪ್ರಕಾರ, ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಒಬ್ಬರು ಇನ್ನೊಬ್ಬರಿಗೆ ವಹಿಸಿಕೊಡುವಾಗ ತಮ್ಮ ಕೆರವನ್ನು ಕಳಚಿ ಕೊಡುವುದು ಇಸ್ರಾಯೇಲಿನ ಪದ್ಧತಿಯಾಗಿತ್ತು. ಬೋವಜನು ರೂತಳನ್ನು ಮದುವೆಯಾಗುವ ಮೊದಲು ಇದೇ ರೀತಿ ಹಕ್ಕನ್ನು ಪಡೆದನು. ಅದರಂತೆ, ಮನುಕುಲವನ್ನು ಬಿಡಿಸಿಕೊಳ್ಳುವ ಹೊಣೆಯನ್ನು ಕ್ರಿಸ್ತನು ವಹಿಸಿಕೊಂಡನೆಂಬುದನ್ನು ಪಾದರಕ್ಷೆ ಸೂಚಿಸುತ್ತದೆ. ಮೊದಲ ವಿವರಣೆ ಮಗುವಿನ ಭಯವನ್ನೂ ಎರಡನೆಯದು ರಕ್ಷಕನ ನಿರ್ಧಾರವನ್ನೂ ಮುಂದಿಡುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಿರಬಲ್ಲವು ಎಂಬುದೇ ಚಿತ್ರದ ವೈಶಿಷ್ಟ್ಯ.

ದೇವದೂತರು ಮತ್ತು ಯಾತನೆಯ ಉಪಕರಣಗಳು

ನೋಡುವವರ ಎಡಭಾಗದಲ್ಲಿ ಮಿಕಾಯೇಲನಿದ್ದಾನೆ. ಅವನ ಬಳಿ ಈಟಿ, ಕೋಲಿನ ತುದಿಗೆ ಸಿಕ್ಕಿಸಿದ ಸ್ಪಂಜು ಮತ್ತು ಹುಳಿರಸದ ಪಾತ್ರೆ ಇವೆ. ಶಿಲುಬೆಯ ಮೇಲಿದ್ದ ಯೇಸುವಿಗೆ ಹುಳಿರಸ ಕುಡಿಸಿದ ಹಾಗೂ ಪಕ್ಕೆಯನ್ನು ಈಟಿಯಿಂದ ತಿವಿದ ಪ್ರಸಂಗಗಳನ್ನು ಇವು ನೆನಪಿಸುತ್ತವೆ. ಬಲಭಾಗದಲ್ಲಿರುವ ಗಬ್ರಿಯೇಲನು ಶಿಲುಬೆಯನ್ನೂ ಮೊಳೆಗಳನ್ನೂ ಹಿಡಿದಿದ್ದಾನೆ. ಮರಿಯಮ್ಮನಿಗೆ ಮಗನ ಜನನದ ಶುಭವಾರ್ತೆ ತಂದವನೂ ಗಬ್ರಿಯೇಲನೇ. ಈಗ ಅವನೇ ಮರಣದ ಗುರುತನ್ನು ತಂದಿದ್ದಾನೆ. ದೇವದೂತರು ಇವುಗಳನ್ನು ಬರಿಗೈಯಲ್ಲಿ ಮುಟ್ಟದೆ ವಸ್ತ್ರ ಮುಚ್ಚಿದ ಕೈಗಳಲ್ಲಿ ಹಿಡಿದಿದ್ದಾರೆ. ಪವಿತ್ರ ವಸ್ತುಗಳನ್ನು ಹೀಗೆ ಹಿಡಿಯುವುದು ಬೈಜಾಂಟೈನ್ ಗೌರವಪದ್ಧತಿ. ಕೊಲ್ಲುವ ಸಾಧನಗಳು ಇಲ್ಲಿ ಪೂಜ್ಯವಸ್ತುಗಳಾಗಿ, ವಿಜಯಚಿಹ್ನೆಗಳಾಗಿ ಬದಲಾಗಿವೆ.

ಬಣ್ಣಗಳು ಮತ್ತು ನಕ್ಷತ್ರ

ಮರಿಯಮ್ಮ ಕೆಂಪು ಒಳ ಉಡುಪಿನ ಮೇಲೆ ಹಸಿರು ಒಳಪದರವಿರುವ ಕಡುನೀಲಿ ಹೊದಿಕೆ ಹೊದ್ದಿದ್ದಾಳೆ. ಬಾಲಯೇಸುವಿನ ಅಂಗಿ ಹಸಿರು, ನಡುಪಟ್ಟಿ ಕೆಂಪು, ಮೇಲುಹೊದಿಕೆ ಹೊನ್ನಿನ ಛಾಯೆಯ ಕಂದು. ಬಟ್ಟೆಯ ಮಡಿಕೆಗಳನ್ನು ಚಿನ್ನದ ಗೆರೆಗಳಿಂದ ತೋರಿಸಲಾಗಿದೆ. ಬಣ್ಣಗಳ ಅರ್ಥದ ಬಗ್ಗೆ ಒಂದೇ ನಿಯಮವಿಲ್ಲ. ಕೆಂಪನ್ನು ಪ್ರೀತಿಗೆ, ತ್ಯಾಗಕ್ಕೆ ಅಥವಾ ರಾಜತ್ವಕ್ಕೆ, ನೀಲಿಯನ್ನು ಸ್ವರ್ಗಕ್ಕೆ, ಹಸಿರನ್ನು ಜೀವಕ್ಕೆ ಹೋಲಿಸುವುದು ವಾಡಿಕೆ. ಬೈಜಾಂಟೈನ್ ಐಕಾನ್‌ಗಳಲ್ಲಿ ಮರಿಯಮ್ಮನವರ ಹೊದಿಕೆ ಹೆಚ್ಚಾಗಿ ಕಡುಗೆಂಪು, ಒಳ ಉಡುಪು ನೀಲಿ. ಪಶ್ಚಿಮದ ಚಿತ್ರಗಳಲ್ಲಿ ಇದು ಅದಲುಬದಲಾಗಿರುತ್ತದೆ. ಈ ಚಿತ್ರದಲ್ಲಿ ಪಶ್ಚಿಮದ ಕ್ರಮವೇ ಕಾಣುತ್ತದೆ.

ಹೊದಿಕೆಯ ಮೇಲೆ ಹಣೆಯ ನೇರಕ್ಕೆ ಎಂಟು ಮೂಲೆಯ ನಕ್ಷತ್ರವಿದೆ. ಇದು ಮರಿಯಮ್ಮನವರಿಗಿರುವ 'ಸಮುದ್ರದ ನಕ್ಷತ್ರ' ಎಂಬ ಹಳೆಯ ಬಿರುದನ್ನು ನೆನಪಿಸುತ್ತದೆ. ನಾವಿಕರಿಗೆ ದಾರಿ ತೋರುವ ನಕ್ಷತ್ರದಂತೆ ಅವಳು ಭಕ್ತರನ್ನು ಮಗನ ಕಡೆಗೆ ನಡೆಸುತ್ತಾಳೆ ಎಂಬುದು ಇದರ ಭಾವ.

ಬಿಂಬವೋ ವಿಗ್ರಹವೋ ಎಂಬ ವಿವಾದ

ಐಕಾನ್‌ಗಳಿಗೆ ಸಲ್ಲಿಸುವ ಗೌರವ ವಿಗ್ರಹಾರಾಧನೆಯಾಗುತ್ತದೆಯೇ ಎಂಬ ಪ್ರಶ್ನೆ ಕ್ರೈಸ್ತ ಧರ್ಮವನ್ನು ಬಹುಕಾಲ ಕಾಡಿದೆ. ಯಾವ ರೂಪವನ್ನೂ ಮಾಡಿ ಪೂಜಿಸಬಾರದೆಂದು ಹತ್ತು ಆಜ್ಞೆಗಳಲ್ಲಿ ಹೇಳಿರುವುದು ಇದಕ್ಕೆ ಕಾರಣ. 8 ಮತ್ತು 9ನೇ ಶತಮಾನಗಳಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ಕೆಲವು ಚಕ್ರವರ್ತಿಗಳು ಐಕಾನ್‌ಗಳನ್ನು ನಿಷೇಧಿಸಿ ನಾಶಮಾಡಿಸಿದರು. ಐಕಾನ್‌ಗಳನ್ನು ಉಳಿಸಿಕೊಂಡವರು ಶಿಕ್ಷೆಗೆ ಒಳಗಾದರು. ಡಮಾಸ್ಕಸ್‌ನ ಸಂತ ಯೋವಾನ್ನರು ಐಕಾನ್‌ಗಳ ಪರವಾಗಿ ವಾದಿಸಿದರು. ಕಾಣದ ದೇವರನ್ನು ಚಿತ್ರಿಸಲಾಗದು ನಿಜ. ಆದರೆ ದೇವರು ಕ್ರಿಸ್ತನಲ್ಲಿ ಮನುಷ್ಯನಾಗಿ ಕಾಣಿಸಿಕೊಂಡ ಮೇಲೆ ಕಂಡ ರೂಪವನ್ನು ಚಿತ್ರಿಸಬಹುದು ಎಂಬುದು ಅವರ ವಾದದ ತಿರುಳು.

787ರ ಎರಡನೆಯ ನಿಸೇಯ ಮಹಾಸಭೆ ಆರಾಧನೆ ಮತ್ತು ಗೌರವಗಳ ನಡುವೆ ಗೆರೆ ಎಳೆಯಿತು. ಆರಾಧನೆ ದೇವರೊಬ್ಬರಿಗೇ ಸಲ್ಲಬೇಕು, ಚಿತ್ರಗಳಿಗೆ ಗೌರವ ಸಲ್ಲಬಹುದು, ಬಿಂಬಕ್ಕೆ ಸಂದ ಗೌರವ ಮೂಲವ್ಯಕ್ತಿಯನ್ನು ತಲುಪುತ್ತದೆ ಎಂದು ಅದು ತೀರ್ಮಾನಿಸಿತು. ಅನಂತರ ಮತ್ತೊಮ್ಮೆ ನಿಷೇಧ ಬಂದು, 843ರಲ್ಲಿ ಐಕಾನ್‌ಗಳು ಶಾಶ್ವತವಾಗಿ ಮರಳಿದವು. 16ನೇ ಶತಮಾನದಲ್ಲಿ ಯೂರೋಪಿನ ಪ್ರೊಟೆಸ್ಟೆಂಟ್ ಸುಧಾರಣೆಯೊಡನೆ ಇದೇ ಪ್ರಶ್ನೆ ಮತ್ತೆ ಎದ್ದಿತು.

ಕರ್ನಾಟಕದಲ್ಲಿ

ಈ ಹಳೆಯ ವಿವಾದದ ಎರಡು ಪಕ್ಷಗಳ ಪರಂಪರೆಗಳೂ ಕರ್ನಾಟಕದಲ್ಲಿ ಅಕ್ಕಪಕ್ಕದಲ್ಲಿವೆ. ಧಾರವಾಡ ಸೀಮೆ ಇದಕ್ಕೆ ಉತ್ತಮ ಉದಾಹರಣೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಬಳಿಯ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆಯಿತು. ಪ್ರೊಟೆಸ್ಟೆಂಟ್ ಪರಂಪರೆಯ ಈ ಮಿಷನ್ನಿನ ಆರಾಧನೆಯಲ್ಲಿ ಬೈಬಲ್ ವಾಚನ, ಪ್ರಬೋಧನೆ ಮತ್ತು ಕನ್ನಡ ಕೀರ್ತನೆಗಳಿಗೆ ಪ್ರಧಾನ ಸ್ಥಾನ. ಮರಿಯಮ್ಮನವರ ಅಥವಾ ಸಂತರ ಚಿತ್ರಗಳಿಗೆ ಅಲ್ಲಿ ಸ್ಥಾನವಿಲ್ಲ. ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತ್ಯ ಧಾರವಾಡವನ್ನು ಕೇಂದ್ರವಾಗಿಸಿಕೊಂಡಿದೆ. ಇದೇ ಜಿಲ್ಲೆಯ ಕಥೋಲಿಕರು 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಅವರ ದೇವಾಲಯಗಳಲ್ಲಿ ಚಿತ್ರಗಳೂ ಸ್ವರೂಪಗಳೂ ಆರಾಧನೆಯ ಭಾಗವಾಗಿವೆ. ಹೀಗಾಗಿ ಒಂದೇ ಊರಿನ ಎರಡು ಕ್ರೈಸ್ತ ಮನೆಗಳ ಪೈಕಿ ಒಂದರ ಗೋಡೆಯ ಮೇಲೆ ಬೈಬಲ್ ವಾಕ್ಯವೂ ಇನ್ನೊಂದರಲ್ಲಿ ಮಾತೆಯ ಚಿತ್ರವೂ ಇರುವುದು ಸಹಜ.

ನಿತ್ಯಾಧಾರ ಮಾತೆಯ ಭಕ್ತಿಯನ್ನು ಹರಡುವುದು ರಿಡೆಂಪ್ಟರಿಸ್ಟ್ ಸಭೆಯ ವಿಶೇಷ ಕಾರ್ಯ. ಬೆಂಗಳೂರಿನ ರಿಚರ್ಡ್ಸ್ ಟೌನ್‌ನ ಹೋಲಿ ಘೋಸ್ಟ್ ಚರ್ಚ್ ಈ ಸಭೆಯ ಗುರುಗಳ ಆಡಳಿತದಲ್ಲಿದೆ. ಕನ್ನಡಿಗ ಮತ್ತು ಕರಾವಳಿಯ ಕೊಂಕಣಿ ವಲಸಿಗರು ನೆಲೆಸಿರುವ ಮುಂಬಯಿಯಲ್ಲಿ, ಮಾಹಿಮ್‌ನ ಸಂತ ಮೈಕೆಲ್ ದೇವಾಲಯದಲ್ಲಿ 1948ರಿಂದ ನಡೆಯುತ್ತಿರುವ ಬುಧವಾರದ ನೊವೆನಾ ಬಹು ಪ್ರಸಿದ್ಧ. ನೊವೆನಾ ಎಂದರೆ ಒಂಬತ್ತು ದಿನ ಅಥವಾ ಒಂಬತ್ತು ವಾರ ಸಲ್ಲಿಸುವ ಪ್ರಾರ್ಥನೆ. ಕಾಯಿಲೆ, ಕೆಲಸ, ಮದುವೆ, ಮಕ್ಕಳ ಓದು ಮುಂತಾದ ಕೋರಿಕೆಗಳಿಗಾಗಿ ಅನ್ಯಧರ್ಮೀಯರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ.

ಕರ್ನಾಟಕದ ಇತರ ಕ್ರೈಸ್ತ ಕಲಾಕೃತಿಗಳೊಡನೆ ಹೋಲಿಸಿದಾಗ ಐಕಾನಿನ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆ ಮತ್ತು ಛಾವಣಿಗಳಲ್ಲಿ ಇಟಲಿಯ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರ ಅವಧಿಯಲ್ಲಿ ರಚಿಸಿದ ಚಿತ್ರಗಳಿವೆ. ಅಲ್ಲಿ ಬೆಳಕು-ನೆರಳು, ದೂರ-ಹತ್ತಿರ, ಕಟ್ಟಡಗಳ ಆಳ ಎಲ್ಲವೂ ಇದ್ದು, ಸಂತರ ಬದುಕು ಕಥೆಯಾಗಿ ಬಿಚ್ಚಿಕೊಳ್ಳುತ್ತದೆ. ಐಕಾನ್ ಕಥೆ ಹೇಳದೆ ನೋಡುವವರ ಎದುರು ನಿಲ್ಲುತ್ತದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಮಾತೆಯ ಸ್ವರೂಪಕ್ಕೆ ಸೀರೆ ಉಡಿಸುವ ವಾಡಿಕೆಯಿದೆ. ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಅವರು ಕ್ರೈಸ್ತ ವಸ್ತುಗಳಿಗೆ ಭಾರತೀಯ ಹಾಗೂ ಜಾನಪದ ಸಂಕೇತಗಳನ್ನು ಬಳಸಿದ್ದಾರೆ. ಇವು ಸ್ಥಳೀಯ ಸಂಸ್ಕೃತಿಗೆ ಹೊಂದಿಕೊಂಡ ರೂಪಗಳು. ನಿತ್ಯಾಧಾರ ಮಾತೆಯ ಚಿತ್ರ ಮಾತ್ರ ಗ್ರೀಕ್ ಅಕ್ಷರಗಳೊಡನೆ ಮೂಲದ ರೂಪದಲ್ಲಿಯೇ ಉಳಿದಿದೆ.

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ 19ನೇ ಶತಮಾನದ ಕೊನೆಯಲ್ಲಿ ಆಲ್ವಾರಿಸ್ ಮಾರ್ ಜೂಲಿಯಸ್ ಅವರ ಚಳವಳಿಯಿಂದ ಬೆಳೆದ ಆರ್ಥೊಡಾಕ್ಸ್ ಸಮುದಾಯವಿದೆ. 'ಆರ್ಥೊಡಾಕ್ಸ್' ಎಂಬ ಹೆಸರಿನಿಂದಾಗಿ ಇದನ್ನು ಗ್ರೀಕ್, ರಷ್ಯನ್ ಐಕಾನ್ ಪರಂಪರೆಯೊಡನೆ ಬೆರೆಸಬಾರದು. ಇದು ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯೊಡನೆ ಸಂಬಂಧ ಹೊಂದಿದೆ. ಗ್ರೀಕ್ ದೇವಾಲಯಗಳಲ್ಲಿ ಗರ್ಭಗೃಹದ ಮುಂದೆ ಐಕಾನ್‌ಗಳ ಗೋಡೆಯಿದ್ದರೆ, ಸಿರಿಯನ್ ಕ್ರಮದಲ್ಲಿ ಆ ಸ್ಥಾನದಲ್ಲಿ ತೆರೆ ಇರುತ್ತದೆ.

ಪ್ರತಿಗಳು ಮತ್ತು ಬದಲಾವಣೆಗಳು

ಕ್ಯಾಲೆಂಡರ್, ಪ್ರಾರ್ಥನಾ ಪುಸ್ತಕ, ಪದಕ ಮತ್ತು ಚೌಕಟ್ಟಿನ ಪಟಗಳ ಮೂಲಕ ಚಿತ್ರ ಅಸಂಖ್ಯ ರೂಪಗಳಲ್ಲಿ ಮರುಮುದ್ರಣಗೊಂಡಿದೆ. 1867ರ ಕಿರೀಟಧಾರಣೆಯ ಕಾರಣ ಕೆಲವು ಪ್ರತಿಗಳಲ್ಲಿ ತಾಯಿ ಮಗುವಿಗೆ ಕಿರೀಟವಿರುತ್ತದೆ. ಅದು ಮೂಲರಚನೆಯ ಭಾಗವಲ್ಲ. ಚಿಕ್ಕ ಪ್ರತಿಗಳಲ್ಲಿ ಅಕ್ಷರಗಳು ಅಸ್ಪಷ್ಟವಾಗಿರುವುದೂ, ಅಂಚು ಕತ್ತರಿಸಿದಾಗ ದೇವದೂತರು ಅಥವಾ ಪಾದರಕ್ಷೆ ಬಿಟ್ಟುಹೋಗುವುದೂ ಉಂಟು. ಅವು ಇಲ್ಲವಾದರೆ ಮಗು ಏಕೆ ಮುಖ ತಿರುಗಿಸಿದೆ, ತಾಯಿಯ ಕೈಯನ್ನು ಏಕೆ ಹಿಡಿದಿದೆ ಎಂಬುದಕ್ಕೆ ಚಿತ್ರದೊಳಗೆ ಉತ್ತರ ಸಿಗುವುದಿಲ್ಲ. ಯಾತನೆಯ ಐಕಾನ್ ಆಗ ಬರಿಯ ತಾಯಿ ಮಗುವಿನ ಚಿತ್ರವಾಗಿ ಉಳಿಯುತ್ತದೆ.

ಇವನ್ನೂ ನೋಡಿ

ಬೈಜಾಂಟೈನ್ ಕಲೆ
ಎರಡನೆಯ ನಿಸೇಯ ಮಹಾಸಭೆ
ಬಾಸೆಲ್ ಮಿಷನ್
ಸಂತ ಅಲೋಶಿಯಸ್ ಪ್ರಾರ್ಥನಾಮಂದಿರ, ಮಂಗಳೂರು
ಕರ್ನಾಟಕದಲ್ಲಿ ಕ್ರೈಸ್ತ ಧರ್ಮ